ಬಂಡೆಯ ಮೇಲೆ ಮಡಚಿಟ್ಟ ಅಂಗಿ

ಹೊಸ ಚಪ್ಪಲಿ ಎರಡನ್ನೂ ಕಳಚಿ, ಕಪ್ಪು ಬಂಡೆಯ ಚಪ್ಪಟೆ ಬೆನ್ನಿನ ಮೇಲೆ ಜೋಡಿಸಿ, ಗಾಳಿಗೆ ಹಾರದ ಹಾಗೆ ಒಂದು ಕಲ್ಲು ಹೇರಿ, ಗೌರೀಶಂಕರ ಭಟ್ಟರು ಬರಿಗಾಲಿನಲ್ಲಿ ಮರಳ ಮೇಲೆ ನಿಂತರು. ಚಪ್ಪಲಿಯೊಳಗೆ ಹೊಕ್ಕ ಮರಳನ್ನು ತೊಳೆದದ್ದಾಗಿತ್ತು. ಬಿಸಿಲಿಗೆ ಒಣಗಲಿ ಎಂದುಕೊಂಡರು.

"ಇದೇ ಬಂಡೆಯಾ?"

"ಇದೇ ಅಂತ ಬಾವ ಹೇಳಿದ್ದು," ಎಂದಳು ನೀಲಾವತಿ. "ಥಿಯೇಟರಿನ ಹಿಂಬಾಗಿಲಿಂದ ನೇರ ಕಾಣುವ ಕರಿ ಬಂಡೆ ಅಂತ. ಬೇರೆ ಬಂಡೆ ಇಲ್ಲಿ ಎಲ್ಲಿ ಉಂಟು?"

ಬೇರೆ ಬಂಡೆ ಇರಲಿಲ್ಲ. ಮಧ್ಯಾಹ್ನದ ಕಡಲು ಎಲ್ಲೋ ದೂರ ಸರಿದು, ಉಂಡು ಮಲಗಿದ ಎಮ್ಮೆಯ ಹಾಗೆ ಉಸಿರಾಡುತ್ತಿತ್ತು. ಹಿಂಬಾಗಿಲಿನಿಂದ ನೀರಿನ ಅಂಚಿನವರೆಗೆ ಬರೀ ಮರಳು. ಆ ಮರಳಿನ ನಡುವೆ ಈ ಬಂಡೆ, ಯಾರೋ ಮರೆತು ಬಿಟ್ಟುಹೋದ ಮಣೆಯಂತೆ.

ಸಂಜೆ ಮೀಯಲು ಹೋದನೆಂಬ ಅವಳ ಗಂಡ ಅಚ್ಚುತನ ಅಂಗಿ ಮರುದಿನ ಬೆಳಗ್ಗೆ ಈ ಮಣೆಯ ಮೇಲೆ, ಮಡಚಿಟ್ಟ ಹಾಗೆಯೇ ಸಿಕ್ಕಿತ್ತು. ಅಚ್ಚುತ ಸಿಕ್ಕಿರಲಿಲ್ಲ. ಅಂಗಿಯನ್ನು ನಂಬಿ ಸುಳ್ಯದ ಮನೆಯವರು ಬರುವ ಶುಕ್ರವಾರಕ್ಕೆ ಉತ್ತರಕ್ರಿಯೆಯ ಬೊಜ್ಜ ನಿಶ್ಚಯಿಸಿ ಊರಿಗೆ ಹೇಳಿಕೆಯನ್ನೂ ಕೊಟ್ಟಾಗಿತ್ತು. ದೇಹ ಸಿಗದವನಿಗೆ ಹುಲ್ಲಿನ ಗೊಂಬೆ ಮಾಡಿ ಸುಡುವುದು, ನೆಂಟರಿಗೆ ಊಟ ಹಾಕುವುದು, ಹೆಂಡತಿಯ ಕತ್ತಿನ ಕರಿಮಣಿ ತೆಗೆಯುವುದು, ಮಕ್ಕಳಿಲ್ಲದವಳಾದ್ದರಿಂದ ಆಮೇಲೆ ಅವಳನ್ನು ತವರಿಗೆ ಮುಟ್ಟಿಸುವುದು. ಎಲ್ಲವೂ ಕ್ರಮಪ್ರಕಾರ. ಗಂಡ ಬದುಕಿದ್ದಾನೆ ಎನ್ನುವವಳು ಇಡೀ ಊರಿನಲ್ಲಿ ಇವಳೊಬ್ಬಳೇ. ಅವಳ ಕೈಯಲ್ಲಿದ್ದ ಆಧಾರ ಒಂದು ಪ್ರಶ್ನೆ ಮಾತ್ರ.

"ಅಂಗಿ ಕಳಚಿ ನೀರಿಗೆ ಇಳಿದವರು ಚಪ್ಪಲಿ ಹಾಕಿಕೊಂಡು ಇಳಿಯುದುಂಟಾ ಅಮೀನರೇ? ಅಂಗಿ ತಂದು ಕೊಟ್ಟರು. ಚಪ್ಪಲಿ ಎಲ್ಲಿ?"

ಪುತ್ತೂರಿನ ಮನೆಯ ಜಗಲಿಯಲ್ಲಿ ಅವಳು ಹೀಗೆ ಕೇಳಿದಾಗ ಭಟ್ಟರು ಓದುತ್ತಿದ್ದ ಪುಸ್ತಕಕ್ಕೆ ದರ್ಭೆಯ ಕಡ್ಡಿ ಇಟ್ಟು ಮುಚ್ಚಿದ್ದರು. ಅದನ್ನು ಇನ್ನೂ ತೆರೆದಿಲ್ಲ.

ಭಟ್ಟರು ಮುನ್ಸೀಫ್ ಕೋರ್ಟಿನಲ್ಲಿ ಅಮೀನರಾಗಿದ್ದವರು. ಅಮೀನನ ಕೆಲಸವೆಂದರೆ ಸಮನ್ಸು ಹಿಡಿದುಕೊಂಡು, ಮನೆಯಲ್ಲಿದ್ದೂ ಇಲ್ಲದವರನ್ನು ಹುಡುಕುವುದು. ನರಿಮೊಗರಿನಿಂದ ರಾಮಕುಂಜದವರೆಗೆ, ಕೊಯಿಲದಿಂದ ಸುಳ್ಯದ ಆಚೆಯ ಗಡಿಯವರೆಗೆ ಅವರು ಹತ್ತದ ಅಟ್ಟವಿಲ್ಲ. ಅವರ ಸರ್ವೀಸಿನ ನಡುವೆ ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ದಾಟಿತು. ಅಡಗುವವರು ಮಾತ್ರ ಅದೇ ಅಟ್ಟಗಳಲ್ಲಿ ಉಳಿದರು. ಆ ಅಟ್ಟಗಳು ಅವರಿಗೆ ಒಂದು ವಿದ್ಯೆ ಕಲಿಸಿದ್ದವು. ಮನೆಯವನನ್ನು ಕಳೆದುಕೊಂಡವರು ಮಾತಿನ ನಡುವೆ ಅಂಗಳದ ಕಡೆ ನೋಡುತ್ತಾರೆ, ಬಂದಾನೋ ಎಂದು. ಮನೆಯವನನ್ನು ಅಡಗಿಸಿದವರು ಅಂಗಳದ ಕಡೆ ಒಂದು ಬಿಟ್ಟು ಎಲ್ಲ ಕಡೆಗೂ ನೋಡುತ್ತಾರೆ.

ಸುಳ್ಯದಲ್ಲಿ ಅಚ್ಚುತನ ಅಣ್ಣ ಕುಕ್ಕಪ್ಪ ಗೌಡ ಎರಡು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಮಾತಾಡಿದ್ದ. ಅಂಗಳದ ಕಡೆ ಒಮ್ಮೆಯೂ ನೋಡಿರಲಿಲ್ಲ.

*

ಸಾಗರ ವಿಲಾಸ ಥಿಯೇಟರು ಹುಟ್ಟಿದ್ದು ಹಂಚಿನ ಕಾರ್ಖಾನೆಯ ಗೋದಾಮಾಗಿ. ಕಾರ್ಖಾನೆ ಮುಚ್ಚಿದ ಮೇಲೆ ಅಬ್ದುಲ್ ರಹ್ಮಾನ್ ಬ್ಯಾರಿ ಅದನ್ನು ಕೊಂಡು, ಒಂದು ಕೊನೆಯಲ್ಲಿ ರಂಗಮಂಟಪ ಕಟ್ಟಿಸಿ, ಉಳಿದ ಕಡೆ ಬೆಂಚು ಹಾಕಿಸಿದ. ಸರ್ಕಸ್ಸು, ಜಾದೂಗಾರರು, ಘಟ್ಟದ ಮೇಲಿನ ನಾಟಕ ಕಂಪನಿಗಳು, ತಿರುಗಾಟದವರು ಯಾರೇ ಬರಲಿ, ತೆಂಕರೆ ಎಂಬ ಈ ಕಡಲೂರಿನ ದೋಣಿಗಡವು ದಾಟಿದರೆ ಮೊದಲು ಸಿಗುವುದು ಇದೇ ಛಾವಣಿ. ಈಗ ಬೀಡುಬಿಟ್ಟದ್ದು ಶ್ರೀ ಚಂದ್ರಮೌಳೀಶ್ವರ ಕೃಪಾಪೋಷಿತ ನಾಟಕ ಮಂಡಳಿ. ಕೃಪೆ ಎಷ್ಟಿತ್ತೋ, ಪೋಷಣೆ ಸಾಲದೆಂದು ನಟರ ಕೆನ್ನೆಗಳು ಹೇಳುತ್ತಿದ್ದವು.

"ಬನ್ನಿ ಭಟ್ರೆ, ಬನ್ನಿ. ತಂಗೀ, ನೀನೂ ಬಾ. ತಲೆಗೆ ತಾಗೀತು, ಬಗ್ಗಿ," ಎನ್ನುತ್ತ ರಹ್ಮಾನ್ ಹಿಂಬಾಗಿಲಿನಿಂದಲೇ ಒಳಗೆ ಕರೆದ. ಹೊಟ್ಟೆ ಮುಂದೆ, ನಗು ಅದಕ್ಕಿಂತ ಮುಂದೆ ಇದ್ದ ಮನುಷ್ಯ. "ಆ ದಿನ ನಾನು ಊರಲ್ಲಿ ಇರ್ಲಿಲ್ಲ ಮಾರಾಯ್ರೆ, ಮಂಗಳೂರಿಗೆ ಹೋದದ್ದು. ಬರುವಾಗ ಎಲ್ಲ ಮುಗಿದಿತ್ತು. ದಡದಲ್ಲಿ ಬಟ್ಟೆ ಸಿಕ್ಕಿತು ಅಂತ ಯಾರೋ ಹೇಳಿದರು. ಪಾಪ, ಒಳ್ಳೆ ಹುಡುಗ. ಪರದೆ ಎಳೆಯುವ ಕೆಲಸಕ್ಕೆ ಸೇರಿದವ, ಹಿಂದಿನಿಂದ ಹಾಡಿದರೆ ಮುಂದಿನವರ ಹಾಡು ಬೇಡ ಅನ್ನಿಸ್ತಿತ್ತು."

ಅಂಗಿಯನ್ನು ಠಾಣೆಗೆ ಒಪ್ಪಿಸಿದ್ದಾಗಿತ್ತು. ಬಂಡೆಯನ್ನು ಠಾಣೆಗೆ ಒಪ್ಪಿಸುವ ಹಾಗಿರಲಿಲ್ಲವಾದ್ದರಿಂದ ಅದನ್ನು ಯಾರೂ ನೋಡಿರಲಿಲ್ಲ.

ಒಳಗೆ ಕಾಲಿಟ್ಟ ಭಟ್ಟರಿಗೆ ತಾವು ಕಡಲಿನಿಂದ ಒಳಗೆ ಬಂದದ್ದೋ, ಹೊರಗಿನಿಂದ ಕಡಲಿನ ಒಳಗೆ ಬಂದದ್ದೋ ತಿಳಿಯಲಿಲ್ಲ. ಮಾಡಿನ ನಡುನಡುವೆ ಇಟ್ಟ ಗಾಜಿನ ಹಂಚುಗಳಿಂದ ಬೆಳಕು ಕಂಬ ಕಂಬವಾಗಿ ಇಳಿದಿತ್ತು. ಹಿಂಬಾಗಿಲಿನಿಂದ ನೀರಿನ ಹೊಳಪು ಬಂದು ಮಾಡಿನ ಅಡಿಯಲ್ಲಿ ನೆರಿಗೆ ನೆರಿಗೆಯಾಗಿ ಆಡುತ್ತಿತ್ತು. ಬೆಂಚುಗಳ ಮೇಲೆ ಮಧ್ಯಾಹ್ನದ ನಿದ್ದೆಯಲ್ಲಿ ಒಬ್ಬ ಮಂತ್ರಿ, ಇಬ್ಬರು ರಾಕ್ಷಸರು, ತಲೆದಿಂಬಿಗೆ ಗದೆ. ಯಾರೋ ಕಾಣದ ಮೂಲೆಯಲ್ಲಿ ಕಾಲುಪೆಟ್ಟಿಗೆಯ ಒಂದೇ ಸ್ವರವನ್ನು ಒತ್ತಿ ಒತ್ತಿ ಬಿಡುತ್ತಿದ್ದರು, ಸ್ವರ ಕೆಟ್ಟಿದೆಯೋ ಕಿವಿ ಕೆಟ್ಟಿದೆಯೋ ಎಂದು ಪರೀಕ್ಷಿಸುವ ಹಾಗೆ.

ರಂಗದ ಉದ್ದಗಲಕ್ಕೆ ಒಂದು ಕಡಲು ತೂಗುತ್ತಿತ್ತು. ಬಟ್ಟೆಯದು. ನೀಲಿ ಅಲೆ, ಬಿಳಿ ನೊರೆ, ಮೂಲೆಯಲ್ಲಿ ಒಂದು ಹಡಗು, ಹಡಗಿಗಿಂತ ದೊಡ್ಡ ಒಂದು ಹಂಸ. ಹಿಂದಿನ ನಿಜದ ಕಡಲಿನಿಂದ ಗಾಳಿ ಬಂದಾಗಲೆಲ್ಲ ಈ ಕಡಲು ಹೊಟ್ಟೆ ಉಬ್ಬಿಸಿ ಉಸಿರು ಬಿಡುತ್ತಿತ್ತು.

"ಹಿಂದೆ ಕಡಲು ಇದ್ದೂ ಮುಂದೆ ಕಡಲಿನ ಪರದೆ ಬಿಡುವ ಥಿಯೇಟರು ಈ ಕರೆಯಲ್ಲಿ ಇದೊಂದೇ," ಎಂದ ರಹ್ಮಾನ್. "ಎಂತ ಮಾಡುದು? ನಿಜದ್ದನ್ನು ಯಾರೂ ಟಿಕೇಟು ತೆಗೆದು ನೋಡುದಿಲ್ಲ."

ನೀಲಾವತಿ ಮುಂದಿನ ಬೆಂಚಿನ ತುದಿಯಲ್ಲಿ ಕೂತಳು. ಕಡಲು ನೋಡಿದ್ದು ಇದೇ ಮೊದಲ ಸಲ. ಹೊರಗಿನದನ್ನು ಅವಳು ಸರಿಯಾಗಿ ನೋಡಿರಲಿಲ್ಲ, ನೋಡಿದರೆ ಅದಕ್ಕೆ ಏನನ್ನೋ ಒಪ್ಪಿಕೊಟ್ಟ ಹಾಗಾಗುತ್ತದೆಂಬ ಭಯದಲ್ಲಿ. ಈಗ ಬಟ್ಟೆಯ ಕಡಲನ್ನು ಕಣ್ಣು ತುಂಬ ನೋಡಿದಳು.

"ಇದು ಆಗಬಹುದು," ಎಂದಳು ಕೊನೆಗೆ. "ಇದಕ್ಕೆ ಶಬ್ದ ಇಲ್ಲ."

*

ಪರದೆಯ ಅಡಿಯಲ್ಲಿ, ನೊರೆಯ ಅಂಚಿಗೆ ಬೆನ್ನು ಬಾಗಿಸಿ ಒಬ್ಬ ಕೂತಿದ್ದ. ಕಣ್ಣಿಗೆ ಕಾಡಿಗೆ, ಕೆನ್ನೆಯಲ್ಲಿ ಎರಡು ದಿನದ ಗಡ್ಡ, ಸೊಂಟಕ್ಕೆ ಅರ್ಧ ಸುತ್ತಿದ ಸೀರೆ, ಮೇಲೆ ಬನಿಯನು. ಉದ್ದದ ಸೂಜಿಗೆ ಆಕಾಶನೀಲಿ ದಾರ ಪೋಣಿಸಿ ಪರದೆಯ ಹರಿದ ಅಂಚನ್ನು ಹೊಲಿಯುತ್ತಿದ್ದ. ಹೊಲಿಗೆ ಒಂದೊಂದೂ ಅಕ್ಕಿ ಕಾಳಿನಷ್ಟು, ಒಂದರ ಹಿಂದೆ ಒಂದು ಸಾಲು ತಪ್ಪದೆ.

"ಶ್ಯಾಮರಾಯ ಅಂತ," ರಹ್ಮಾನ್ ಪರಿಚಯಿಸಿದ. "ಕಂಪನಿಯ ರಾಣಿ. ಸಂಜೆ ನೋಡಬೇಕು ಇವರನ್ನು; ನಮ್ಮ ಹೆಂಗಸರು ನಡಿಗೆ ಕಲಿಯಲಿಕ್ಕೆ ಬರ್ತಾರೆ."

"ಗಾಳಿಗೆ ದಿನಾ ಹರಿತೈತ್ರಿ ಈ ಸಮುದ್ರ," ಎಂದ ಶ್ಯಾಮ, ತಲೆಯೆತ್ತದೆ. ಘಟ್ಟದ ಮೇಲಿನ ಮಾತು, ಒಣ ಹೊಲದಲ್ಲಿ ಬೆಳೆದ ದನಿ. "ನಾನೇ ಹೊಲೀತೀನಿ. ಬ್ಯಾರೆಯವರು ಹೊಲದ್ರ ಗಂಟು ಕಾಣ್ತಾವ."

"ಅಚ್ಚುತ ನಿಮ್ಮ ಜೊತೆ ಇದ್ದವನಲ್ಲವೇ?"

ಸೂಜಿ ಒಂದು ಹೊಲಿಗೆಯಷ್ಟು ನಿಂತಿತು. ಮತ್ತೆ ಹೊರಟಿತು.

"ಎಲ್ಲಾರ ಜೋಡಿನೂ ಇದ್ದ್ರಿ. ಹಗ್ಗದ ಮನಷ್ಯಾ ಅಂದ್ರ ಹಂಗ. ಅವನ ಚಪ್ಪಲಿ ಒಂದು ಭಾರೀ ಕಿರಿಕಿರಿ. ಟಾಯರಿಂದು. ರಂಗದ ಹಿಂದ ಕಿರ್ ಕಿರ್ ಅಂತ ಅಡ್ಡಾಡಿದ್ರ ಮುಂದ ಸೀತೆ ಅಳೋ ಹೊತ್ತಿನಾಗ ಮಂದಿ ನಗ್ತಿದ್ರು. ತಗೀಯೋ ಅಂದ್ರ ತಗೀತಿರ್ಲಿಲ್ಲ. ಹೆಣ್ತಿ ಮಾಡಿಸಿಕೊಟ್ಟಿದ್ದು ಅಂತಿದ್ದ."

ಬೆಂಚಿನ ಕಡೆಯಿಂದ ನೀಲಾವತಿಯ ದನಿ ಬಂತು. "ಕೊಯಿಲದ ಫಾರ್ಮಿನ ಲಾರಿಯ ಹಳೇ ಟಯರು. ಎಡಗಾಲಿನ ಪಟ್ಟಿ ಸಡಿಲ ಇತ್ತು. ನಾನೇ ಕೆಂಪು ನೂಲಲ್ಲಿ ಹೊಲಿದದ್ದು."

ಶ್ಯಾಮ ಈಗ ತಲೆಯೆತ್ತಿ ಅವಳನ್ನು ನೋಡಿದ. ಕಾಡಿಗೆಯ ಕಣ್ಣು, ಗಡ್ಡದ ಕೆನ್ನೆ. ಯಾವುದು ವೇಷ, ಯಾವುದು ಮುಖ ಎಂದು ಹೇಳಲಾಗದ ಹಾಗೆ ಎರಡೂ ಒಂದೇ ಸಲ ಬಿಳಿಚಿದವು.

"ಆ ಪಟ್ಟಿನ ಅವತ್ತು ಸಂಜೀಕ ಕಿತ್ತು ಹೋಗಿತ್ತವ್ವಾ," ಎಂದ ಮೆಲ್ಲಗೆ. "ಎಡಗಾಲು ಎಳಕೋತ ಈ ಹಿಂದಿನ ಬಾಗಿಲದಿಂದ ಹೊರಗ ಹೋದ. ಸರಕ್, ಸರಕ್ ಅಂತ ಸಪ್ಪಳ ಕೇಳಿದ್ದು ನೆನಪೈತಿ. ಅಷ್ಟ. ಆಮ್ಯಾಲೆ ಅವನನ್ನ ಕಂಡಿಲ್ಲ. ಅವನ ಚಪ್ಪಲೀನೂ ಕಂಡಿಲ್ಲ."

"ಚಪ್ಪಲಿ ಹಾಕಿಕೊಂಡೇ ಹೋದದ್ದಲ್ಲವಾ?" ನೀಲಾವತಿಗೆ ಬೇಕಾದದ್ದು ಅಷ್ಟೇ.

"ಹಾಕ್ಕೊಂಡ ಹೋದ."

ಅವಳು ಭಟ್ಟರ ಕಡೆ ನೋಡಿದಳು. ನಾನು ಹೇಳಿರಲಿಲ್ಲವಾ ಎನ್ನುವ ಆ ನೋಟಕ್ಕೆ ಎದುರು ಕೂರಲು ಭಟ್ಟರಿಗೆ ಕಷ್ಟವಾಯಿತು. ಚಪ್ಪಲಿ ಹಾಕಿಕೊಂಡು ಕಡಲಿಗೆ ಹೋದವರೂ ಇರುತ್ತಾರೆ. ಅದನ್ನು ಈ ಹೆಣ್ಣಿಗೆ ಹೇಳುವುದು ಹೇಗೆ? ಅವರು ಕಂಬಕ್ಕೆ ಒರಗಿ ಕಣ್ಣು ಮುಚ್ಚಿದರು. ಯೋಚಿಸಲಿಕ್ಕೆಂದು.

ಯೋಚನೆಯಲ್ಲಿ ಗೊರಕೆ ಬಂತೆಂದು ರಹ್ಮಾನ್ ಆಮೇಲೆ ಹೇಳಿದ, ಭಟ್ಟರು ಒಪ್ಪಲಿಲ್ಲ. ಅವರು ಒಪ್ಪುವುದಿಷ್ಟು: ಬಟ್ಟೆಯ ಕಡಲಿನ ಹಂಸ ಕತ್ತು ತಿರುಗಿಸಿ ತಮ್ಮನ್ನೇ ನೋಡಿತು, ಮಂತ್ರಿ ಎದ್ದು ರಾಕ್ಷಸರಿಗೆ ಚಹಾ ಕೊಟ್ಟ, ಮಾಡಿನ ಮೇಲಿನ ಬೆಳಕಿನ ನೆರಿಗೆಗಳು ಒಂದೊಂದಾಗಿ ಹತ್ತಿರ ಬಂದವು, ಮತ್ತು ಕಡಲಿನ ಶಬ್ದ, ಮೊದಲು ಗೋಡೆಯ ಆಚೆ ಎಲ್ಲೋ ಇದ್ದದ್ದು, ಈಗ ಕಿವಿಯ ಪಕ್ಕದಲ್ಲೇ ಮಾತಾಡತೊಡಗಿತು.

ಅವರು ಕಣ್ಣು ಬಿಟ್ಟರು. ಶಬ್ದ ನಿಜವಾಗಿಯೂ ಪಕ್ಕದಲ್ಲೇ ಇತ್ತು.

*

ಹಿಂಬಾಗಿಲಿಗೆ ಹೋಗಿ ನಿಂತ ಭಟ್ಟರು ತಮ್ಮ ಚಪ್ಪಲಿಯನ್ನು ಹುಡುಕಿದರು. ಆಮೇಲೆ ಚಪ್ಪಲಿ ಇಟ್ಟಿದ್ದ ಬಂಡೆಯನ್ನು ಹುಡುಕಿದರು. ಎರಡೂ ಇರಲಿಲ್ಲ.

ಬಾಗಿಲಿನ ಕೆಳಗಿನ ಮೆಟ್ಟಿಲಿಗೆ ನೀರು ಬಂದು ತಾಗಿ, ನೆಕ್ಕಿ, ಹಿಂದೆ ಹೋಗುತ್ತಿತ್ತು. ಮಧ್ಯಾಹ್ನದ ಮರಳು, ಅವರ ಹೆಜ್ಜೆಗುರುತು, ಮಣೆಯಂಥ ಬಂಡೆ, ಎಲ್ಲದರ ಮೇಲೆ ಸಂಜೆಯ ಕಡಲು ಬಂಗಾರದ ರೇಕಿನಂತೆ ಹರಡಿತ್ತು. ಬಂಡೆ ಇದ್ದಿರಬಹುದಾದ ಜಾಗದಲ್ಲಿ ಅಲೆ ಒಂದಿಷ್ಟು ಎಡವಿದಂತೆ ಕಾಣುತ್ತಿತ್ತು, ಅಷ್ಟೇ.

"ಎಂತ ಹುಡುಕುದು ಭಟ್ರೆ?"

"ಚಪ್ಪಲಿ. ಆ ಬಂಡೆಯ ಮೇಲೆ ಇಟ್ಟಿದ್ದೆ. ಮೇಲೆ ಕಲ್ಲು ಕೂಡ ಇಟ್ಟಿದ್ದೆ."

ರಹ್ಮಾನ್ ಅವರ ಮುಖ ನೋಡಿದ, ನೀರು ನೋಡಿದ, ಮತ್ತೆ ಮುಖ ನೋಡಿದ. ನಗಬಾರದೆಂದು ಮಾಡಿದ ಪ್ರಯತ್ನದಲ್ಲಿ ಅವನ ಹೊಟ್ಟೆ ಮಾತ್ರ ನಕ್ಕಿತು. "ಅಯ್ಯೋ ಮಾರಾಯ್ರೆ. ಅದು ಹೊಳೆಯ ಬಂಡೆಯಾ, ಇಟ್ಟದ್ದು ಇಟ್ಟಲ್ಲೇ ಇರಲಿಕ್ಕೆ? ಹಗಲಿಗೊಂದು ಸಲ, ರಾತ್ರಿಗೊಂದು ಸಲ ಮುಳುಗ್ತದೆ. ನಿಮಗೆ ಪುತ್ತೂರಿನವರಿಗೆ ಕಡಲು ಬರುದು ಹೋಗುದು ಎಲ್ಲ ಯಾರು ಹೇಳುದು? ನಿಲ್ಲಿ, ದಡಕ್ಕೆ ಎಂತಾದರೂ ಬಿಸಾಡಿದೆಯೋ ನೋಡ್ತೇನೆ." ಲುಂಗಿ ಎತ್ತಿ ಕಟ್ಟಿ, ಗೋಡೆಯ ಬದಿ ಹಿಡಿದು ಅವನು ನೀರಿನ ಅಂಚಿಗೆ ಇಳಿದ.

ಭಟ್ಟರು ಅಲ್ಲೇ ನಿಂತರು. ಹೊಸ ಚಪ್ಪಲಿಗೆ ತೆತ್ತ ಬೆಲೆ ಮನಸ್ಸಿನಲ್ಲಿ ಚುರ್ ಎನ್ನಬೇಕಿತ್ತು. ಅನ್ನಲಿಲ್ಲ. ಅಟ್ಟದ ಕತ್ತಲಲ್ಲಿ ಒಂದು ಸೀನು ಕೇಳಿಸಿದ ಅಮೀನನ ಸಂತೋಷ ಅವರ ಬರಿಗಾಲಿನಿಂದ ಮೇಲೇರುತ್ತಿತ್ತು.

ರಾತ್ರಿಗೊಂದು ಸಲ ಮುಳುಗುತ್ತದೆ. ಹಾಗಾದರೆ ಸಂಜೆ ಇಟ್ಟ ಅಂಗಿ ಬೆಳಗ್ಗೆ ಸಿಗುವುದು ಹೇಗೆ?

ಈ ತಪ್ಪನ್ನು ತೆಂಕರೆಯ ಯಾವ ಮೀನುಗಾರನೂ ಮಾಡನು. ರಹ್ಮಾನ್ ಮಾಡನು. ಇದನ್ನು ಮಾಡುವವನು ಹೊಳೆಯಲ್ಲಿ ಮಿಂದು ಬೆಳೆದವನು. ಸುಳ್ಯದ ಪಯಸ್ವಿನಿಯ ದಡದಲ್ಲಿ ಅಂಗಿ ಮಡಚಿಟ್ಟು, ಕಲ್ಲು ಹೇರಿ, ಈಜಿ ಬಂದು, ಅದೇ ಅಂಗಿ ತೊಟ್ಟು ಮನೆಗೆ ಹೋದವನು. ಈಗಷ್ಟೇ ಅದನ್ನೇ ಮಾಡಿ ಚಪ್ಪಲಿ ಕಳೆದುಕೊಂಡ ತನ್ನಂಥವನು.

"ಅಮೀನರೇ," ಹಿಂದಿನಿಂದ ನೀಲಾವತಿ ಕರೆದಳು. ದನಿ ಗಟ್ಟಿಯಾಗಿತ್ತು. "ಬಾವ ಬಂದರು."

*

ಕುಕ್ಕಪ್ಪ ಗೌಡ ಬಂದದ್ದು ತಮ್ಮನ ತಗಡಿನ ಪೆಟ್ಟಿಗೆ ಒಯ್ಯಲಿಕ್ಕೆ. ಹುಲ್ಲಿನ ಗೊಂಬೆಯ ಮೇಲೆ ಹೊದೆಸಲು ಸತ್ತವನು ಉಟ್ಟ ಬಟ್ಟೆ ಬೇಕಂತೆ. ಬೆಂಚುಗಳ ನಡುವೆ ಪೆಟ್ಟಿಗೆಯನ್ನು ಹೆಗಲ ಮೇಲೆ ಹೊತ್ತು ನಿಂತ ಅವನು, ದೂರದ ನೆಂಟರು ಯಾರೋ ಸಂತೆಯಲ್ಲಿ ಸಿಕ್ಕಿದರೆ ಮಾಡುವಷ್ಟು ಮುಖ ಮಾಡಿದ. ಐವತ್ತರ ಆಸುಪಾಸು, ಉಳುಮೆಯ ತೋಳು, ಹಾಳೆಟೊಪ್ಪಿ ಮುಟ್ಟಾಳೆಯ ಗುರುತು ಬಿದ್ದ ಹಣೆ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮುಖ. ಅಂಥ ಮುಖಗಳನ್ನು ಕಂಡರೆ ಭಟ್ಟರಿಗೆ ಯಾವಾಗಲೂ ಸ್ವಲ್ಪ ಕನಿಕರ. ಸುಳ್ಳು ಹೇಳುವಾಗ ಅವಕ್ಕೆ ಬಹಳ ಕೆಲಸ.

"ನೀನು ಇಲ್ಲಿ ಎಂತಕ್ಕೆ ಬಂದದ್ದು ನೀಲು? ಮನೇಲಿ ಅಷ್ಟು ಕೆಲಸ ಉಂಟು."

"ನನ್ನನ್ನು ತವರಿಗೆ ಬಿಡುವ ಕೆಲಸವಾ? ಅದಕ್ಕೆ ನಾನು ಇರಬೇಕಾಗಿಲ್ಲ, ನೀವೇ ಮಾಡ್ತೀರಿ."

ಭಟ್ಟರು ನಡುವೆ ಬಂದರು. "ಕುಕ್ಕಪ್ಪ ಗೌಡ್ರೆ, ಪೆಟ್ಟಿಗೆ ಇಳಿಸಿ. ಒಂದು ಸಣ್ಣ ಸಂಶಯ. ಅಂಗಿ ಸಿಕ್ಕಿದ ವಿಷಯ ಇನ್ನೊಂದು ಸಲ ಹೇಳಿ."

"ಎಷ್ಟು ಸಲ ಹೇಳುದು ಭಟ್ರೆ? ಇವನನ್ನು ಮನೆಗೆ ಕರೆಯಲಿಕ್ಕೆ ಬಂದಿದ್ದೆ. ಬರುದಿಲ್ಲ ಅಂದ. ಸಂಜೆ ಮೀಯಲಿಕ್ಕೆ ಅಂತ ಕಡಲಿಗೆ ಹೋದ. ರಾತ್ರಿ ಬರ್ಲಿಲ್ಲ. ಬೆಳಗ್ಗೆ ನಾನು ಮುಖ ತೊಳೆಯಲಿಕ್ಕೆ ಹೋದಾಗ ಬಂಡೆಯ ಮೇಲೆ ಅಂಗಿ."

"ಸಂಜೆ ಇಟ್ಟದ್ದು ಬೆಳಗ್ಗೆವರೆಗೆ ಹಾಗೇ ಇತ್ತು?"

"ಹಾಗೇ ಇತ್ತು. ಮೇಲೆ ಕಲ್ಲು ಇತ್ತಲ್ಲ."

"ಒದ್ದೆ?"

"ಒದ್ದೆ ಎಂತಕ್ಕೆ? ಒಣಗಿ ಗರಿಗರಿ ಇತ್ತು."

"ಸರಿ. ಆ ಬಂಡೆ ಒಮ್ಮೆ ತೋರಿಸಿ. ನಾನು ಮುದುಕ, ನನಗೆ ಗುರುತು ಸಿಗಲಿಲ್ಲ."

ಕುಕ್ಕಪ್ಪ ನಿರಾಳವಾಗಿ ಮುಂದೆ ನಡೆದ. ಬಟ್ಟೆಯ ಕಡಲನ್ನು ಬದಿಗೆ ಸರಿಸಿ, ಹಿಂಬಾಗಿಲಿನ ಹೊಸ್ತಿಲ ಮೇಲೆ ನಿಂತು, ಕೈ ಎತ್ತಿ ತೋರಿಸಿದ. ಕೈ ಗಾಳಿಯಲ್ಲೇ ಉಳಿಯಿತು.

ಅವನು ಎಡಕ್ಕೆ ನೋಡಿದ. ಬಲಕ್ಕೆ ನೋಡಿದ. ಬೇರೆ ಬಾಗಿಲಿಗೆ ಬಂದೆನೋ ಎಂದು ಹಿಂದೆ ತಿರುಗಿ ಬಾಗಿಲನ್ನು ನೋಡಿದ. ಕಟ್ಟಿದ ಹಸು ಗೂಟದ ಸಮೇತ ಹೋದಾಗ ಮನುಷ್ಯ ಹೀಗೆ ನೋಡುತ್ತಾನೆ.

"ಇಲ್ಲೇ ಇತ್ತು," ಎಂದ.

"ಇಲ್ಲೇ ಉಂಟು. ನೀರಿನ ಅಡಿಯಲ್ಲಿ. ರಾತ್ರಿಯೂ ಹೀಗೇ ಒಂದು ಸಲ ಮುಳುಗುತ್ತದಂತೆ. ನಿಮ್ಮ ತಮ್ಮ ಸಂಜೆ ಇಟ್ಟ ಅಂಗಿ ಅರ್ಧ ರಾತ್ರಿಗೇ ಲಕ್ಷದ್ವೀಪದ ದಾರಿ ಹಿಡಿಯಬೇಕಿತ್ತು. ಬೆಳಗ್ಗೆ ಗರಿಗರಿಯಾಗಿ ಸಿಕ್ಕಿತು ಎಂದರೆ ಬೆಳಗ್ಗೆಯೇ ಇಟ್ಟದ್ದು. ಅಲ್ಲಿ ಬೆಳಗ್ಗೆ ಹೋದವರು ನೀವು." ಭಟ್ಟರು ದನಿ ಏರಿಸಲಿಲ್ಲ. "ನಾಚಿಕೆ ಬೇಡ ಗೌಡ್ರೆ. ಈ ಕಡಲು ನನ್ನನ್ನೂ ಈಗಷ್ಟೇ ಮೋಸ ಮಾಡಿದೆ. ನಾವು ಹೊಳೆಯವರು."

ಕುಕ್ಕಪ್ಪನ ಕೈ ಮೆಲ್ಲಗೆ ಕೆಳಗಿಳಿಯಿತು. ಅವನು ಕಡಲನ್ನೇ ನೋಡುತ್ತಿದ್ದ, ತನ್ನ ಕಡೆಯ ಸಾಕ್ಷಿ ಎದುರು ಪಕ್ಷಕ್ಕೆ ಸೇರಿದ್ದನ್ನು ನೋಡುವ ಹಾಗೆ. ಹೊಸ್ತಿಲ ಮೇಲೆ ಕೂತುಬಿಟ್ಟ. ಅಲೆಯೊಂದು ಬಂದು ಅವನ ಪಾದ ಮುಟ್ಟಿ ಹೋಯಿತು.

"ಅವನೇ ಹೇಳಿದ್ದು," ಎಂದ.

ಪರದೆಯ ಅಂಚನ್ನು ಹಿಡಿದು ನೀಲಾವತಿ ಹಿಂದೆ ನಿಂತಿದ್ದಳು.

"ಮನೆಗೆ ಬರಲಿಕ್ಕೆ ಆಗುದಿಲ್ಲ ಅಣ್ಣ, ಕಾರಣ ಕೇಳಬೇಡ ಅಂದ. ಬೇರೆ ಏನು ಹೇಳಿದರೂ ಹುಡುಕ್ತಾರೆ, ಸತ್ತ ಅಂತ ಹೇಳಿಬಿಡು, ಯಾರೂ ಹುಡುಕುದಿಲ್ಲ ಅಂದ. ಅಂಗಿ ಮೈಮೇಲಿಂದಲೇ ಕಳಚಿ ಕೊಟ್ಟ. ಬೆಳಕು ಹರಿಯುವಾಗ ಒಂದು ಶಾಲು ಹೊದ್ದು ಆ ತೆಂಗಿನ ಮರಗಳ ಕಡೆ ನಡೆದ. ಅಂಗಿ ನಾನು ಇಟ್ಟೆ, ನಾನೇ ತೆಗೆದೆ. ಮನೆಯ ಸತ್ತ ಹಿರಿಯರ, ಗುರುಕಾರಣರ ಆಣೆ, ಇದರಿಂದ ಒಂದಿಂಚು ನೆಲ ನನಗೆ ಬೇಡ."

"ಬಾವ," ಎಂದಳು ನೀಲಾವತಿ. "ಶುಕ್ರವಾರ ಯಾರನ್ನು ಸುಡಲಿಕ್ಕೆ ಇದ್ದದ್ದು?"

ಕುಕ್ಕಪ್ಪ ತಿರುಗಲಿಲ್ಲ. "ಹುಲ್ಲನ್ನು, ನೀಲು. ಹುಲ್ಲನ್ನು ಮಾತ್ರ."

"ನನ್ನ ಕರಿಮಣಿ ಹುಲ್ಲಲ್ಲ."

ಆಮೇಲೆ ಕುಕ್ಕಪ್ಪ ತನ್ನ ಮನೆಯ ಭಾಷೆಯಲ್ಲಿ, ಭಟ್ಟರಿಗಲ್ಲ, ಅವಳಿಗೂ ಅಲ್ಲ ಎಂಬಂತೆ, "ನಂಗೆ ಗೊತ್ತುಟ್ಟು," ಎಂದ. "ಗೊತ್ತುಟ್ಟು."

ಭಟ್ಟರು ನೀಲಾವತಿಯನ್ನು ನೋಡಿದರು. ಅವಳು ಅಳುತ್ತಿರಲಿಲ್ಲ. ಗಂಡ ತನ್ನನ್ನು ಬಿಟ್ಟು ಹೋದದ್ದು ಈಗ ಸಾಬೀತಾಗಿತ್ತು. ಬದುಕಿರುವುದೂ ಅದೇ ಮಾತಿನಲ್ಲಿ ಸಾಬೀತಾಗಿತ್ತು. ಒಂದೇ ತಟ್ಟೆಯಲ್ಲಿ ಬಡಿಸಿದ ಈ ಎರಡರಲ್ಲಿ ಮೊದಲು ಯಾವುದನ್ನು ಬಾಯಿಗಿಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಕೈ ಕತ್ತಿನ ಕರಿಮಣಿಯನ್ನು ಹಿಡಿದುಕೊಂಡಿತ್ತು.

"ನಾನು ಹೇಳಿದ್ದೆ," ಎಂದಳು ಕೊನೆಗೆ. "ಚಪ್ಪಲಿ ಹಾಕಿಕೊಂಡು ಹೋದವರು ನ‌ಡೆದುಕೊಂಡೇ ಹೋಗಿರ್ತಾರೆ."

*

"ಸಿಕ್ಕಿತು ಭಟ್ರೆ, ಒಂದು ಸಿಕ್ಕಿತು."

ಗೋಡೆಯ ಮೂಲೆಯಿಂದ ರಹ್ಮಾನ್ ಬಂದ, ಮೊಣಕಾಲವರೆಗೆ ಒದ್ದೆ, ಮುಖದಲ್ಲಿ ನಿಧಿ ಎತ್ತಿದ ಕಳೆ. "ಆಚೆ ಕಲ್ಲಿನ ಸಂದಿಯಲ್ಲಿ ಈಗ ತಂದು ಹಾಕಿತು. ಜೋಡಿ ಇಲ್ಲ. ಈ ಕಡಲು ಅರ್ಧ ಲೆಕ್ಕದ್ದು." ಎನ್ನುತ್ತ ಕೈಯಲ್ಲಿದ್ದುದನ್ನು ಭಟ್ಟರ ಮುಂದೆ ಹಿಡಿದ.

ನೀರು ಸೋರುತ್ತಿದ್ದ ಒಂದು ಎಡಗಾಲಿನ ಚಪ್ಪಲಿ.

ಭಟ್ಟರು ಕೈ ಚಾಚಿದವರು ಹಾಗೇ ಹಿಂದೆ ತೆಗೆದರು. "ಇದು ನನ್ನದಲ್ಲ."

ಅಡಿ ಟಯರಿನದು. ಸವೆದ ಅಂಚಿನಲ್ಲಿ ಲಾರಿಯ ಗಾಲಿಯ ಕಚ್ಚುಗಳು ಇನ್ನೂ ಕಾಣುತ್ತಿದ್ದವು.

ನೀಲಾವತಿ ಬಂದು ಅದನ್ನು ತೆಗೆದುಕೊಂಡಳು. ಕುಕ್ಕಪ್ಪ ಹೊಸ್ತಿಲಿನಿಂದ ಎದ್ದು ನಿಂತ. "ನಾನು ಚಪ್ಪಲಿ ಇಟ್ಟಿಲ್ಲ," ಎಂದ, ಯಾರೂ ಕೇಳದೆ. "ಆಣೆಯಿಟ್ಟು ಹೇಳ್ತೇನೆ, ಅಂಗಿ ಮಾತ್ರ. ಚಪ್ಪಲಿ ಅವನ ಕಾಲಲ್ಲೇ ಇತ್ತು."

ಬದುಕಿನ ಗುರುತೆಂದು ಊರಿಡೀ ಅವಳು ಹಿಡಿದು ತಿರುಗಿದ ಪ್ರಶ್ನೆಗೆ ಕಡಲು ಉತ್ತರ ಕೊಟ್ಟಿತ್ತು. ಚಪ್ಪಲಿ ಎಲ್ಲಿ? ಇಲ್ಲಿ.

ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು, ಸೆರಗಿನಿಂದ ಮರಳು ಒರೆಸಿದಳು. ಮಗುವಿನ ಪಾದ ಒರೆಸುವ ಹಾಗೆ, ಹಿಮ್ಮಡಿಯಿಂದ ಶುರುಮಾಡಿ, ಮೆಲ್ಲಗೆ. ಪಟ್ಟಿಯ ಹತ್ತಿರ ಬಂದಾಗ ಅವಳ ಬೆರಳು ನಿಂತಿತು. ಮುಖದ ಹತ್ತಿರ ತಂದು ನೋಡಿದಳು. ಬೆಳಕಿಗೆ ಹಿಡಿದು ನೋಡಿದಳು.

"ಅಮೀನರೇ."

"ಹೇಳು ತಾಯಿ."

"ಆ ಸಂಜೆ ಪಟ್ಟಿ ಕಿತ್ತುಹೋಗಿತ್ತು ಅಂತ ಅಲ್ಲವಾ ಆ ರಾಣಿ ವೇಷದವರು ಹೇಳಿದ್ದು? ಎಳೆದುಕೊಂಡು ಹೋದರು, ಆಮೇಲೆ ಕಂಡೇ ಇಲ್ಲ ಅಂತ?"

"ಹೌದು."

"ಈ ಪಟ್ಟಿ ಹೊಲಿದುಂಟು." ಅವಳು ಚಪ್ಪಲಿಯನ್ನು ಅವರ ಕಣ್ಣಿನ ಮುಂದೆ ತಿರುಗಿಸಿದಳು. "ಚಪ್ಪಲಿ ಅವರದ್ದೇ. ಹೊಲಿಗೆ ನನ್ನದಲ್ಲ."

ಭಟ್ಟರು ಕನ್ನಡಕ ಸರಿಮಾಡಿಕೊಂಡರು. ಹಳೆಯ ಕೆಂಪು ನೂಲಿನ ಒಂದೆರಡು ಎಳೆ ಒಂದು ಕಡೆ ಇನ್ನೂ ಅಂಟಿತ್ತು. ಅದರ ಮೇಲೆ ಹೊಸ ಹೊಲಿಗೆ, ಒಂದೊಂದೂ ಅಕ್ಕಿ ಕಾಳಿನಷ್ಟು, ಒಂದರ ಹಿಂದೆ ಒಂದು, ಸಾಲು ತಪ್ಪದೆ. ಎಲ್ಲೂ ಗಂಟು ಕಾಣುತ್ತಿರಲಿಲ್ಲ. ದಾರದ ಬಣ್ಣ ಆಕಾಶನೀಲಿ. ಆಮೇಲೆ ಕಂಡಿಲ್ಲ ಎಂದವನೇ ಆಮೇಲೆ ಹೊಲಿದಿದ್ದ.

ಅವರು ಓಡಲಿಲ್ಲ, ಓಡುವ ವಯಸ್ಸಲ್ಲ. ಪರದೆಯನ್ನು ಮುಟ್ಟದೆ ಬದಿಯಿಂದ ಸುತ್ತಿ ರಂಗದ ಮೇಲೆ ಬಂದರು. ಮಂತ್ರಿ ಗದೆಗಳನ್ನು ಹೊಂದಿಸಿಡುತ್ತಿದ್ದ. ಕಾಲುಪೆಟ್ಟಿಗೆಯ ಸ್ವರ ಕೊನೆಗೂ ಸರಿಯಾಗಿತ್ತು. ಗಾಜಿನ ಹಂಚುಗಳ ಬೆಳಕು ಆರಿ, ಬಟ್ಟೆಯ ಕಡಲು ಬೂದಿ ಬಣ್ಣಕ್ಕೆ ತಿರುಗಿತ್ತು.

ಅದರ ಅಡಿಯ ನೊರೆಯ ಅಂಚಿನಲ್ಲಿ ಹೊಲಿಗೆ ಅರ್ಧಕ್ಕೆ ನಿಂತಿತ್ತು. ಶ್ಯಾಮ ಇರಲಿಲ್ಲ. ಆಕಾಶನೀಲಿ ದಾರದ ತುದಿಯಲ್ಲಿ ಸೂಜಿಯೊಂದು ತೂಗುತ್ತಿತ್ತು. ಒಳಗೆ ಗಾಳಿ ಇರಲಿಲ್ಲ, ಪರದೆ ಅಲುಗುತ್ತಿರಲಿಲ್ಲ. ಸೂಜಿ ಮಾತ್ರ ಇನ್ನೂ ಅತ್ತಿಂದಿತ್ತ ಆಡುತ್ತಿತ್ತು.